ಬೀಗರ ಮರ್ಯಾದೆಯಲ್ಲಿ ಒಂದು ದವಡೆಹಲ್ಲು

ನಮ್ಮ ಕಡೆ ಬಸುರಿ ಹೆಂಗಸಿಗೆ ಯಜಮಾನರು ಜಾಸ್ತಿ. ಏನು ತಿನ್ನಬೇಕು ಅನ್ನುವುದಕ್ಕೆ ಅತ್ತೆ, ಎಲ್ಲಿ ಹೆರಬೇಕು ಅನ್ನುವುದಕ್ಕೆ ಅವ್ವ, ಯಾವ ತಿಂಗಳಲ್ಲಿ ಹೊಸಿಲು ದಾಟಬೇಕು ಅನ್ನುವುದಕ್ಕೆ ಬೀದಿಯ ಹಿರಿಯರು, ಹೊಟ್ಟೆ ನೋಡಿ ಗಂಡೋ ಹೆಣ್ಣೋ ಅಂತ ತೀರ್ಪು ಕೊಡುವುದಕ್ಕೆ ಬಸ್ಸಿನಲ್ಲಿ ಪಕ್ಕ ಕೂತವರು. ಎಲ್ಲರೂ ಪ್ರೀತಿಯಿಂದಲೇ ಮಾಡುತ್ತಾರೆ, ಅದಕ್ಕೇ ಬೈಯುವುದಕ್ಕೂ ಆಗುವುದಿಲ್ಲ. ನನ್ನ ಮೊದಲನೇ ಮಗು ಹೋಗಿದ್ದು ಇಂಥ ಪ್ರೀತಿಯ ನಡುವೆಯೇ. ಕೆಟ್ಟವರು ಅಂತ ಒಬ್ಬರಾದರೂ ಇದ್ದಿದ್ದರೆ ನೆಟಿಗೆ ಮುರಿದು ಶಾಪ ಹಾಕಿ ಒಂದಿಷ್ಟು ಹಗುರಾಗುತ್ತಿದ್ದೆ. ಹುಡುಕಿದರೂ ಒಬ್ಬರೂ ಸಿಗಲಿಲ್ಲ.

ನನ್ನ ತವರು ಮಂಡ್ಯದ ಗುತ್ತಲು. ಕೊಟ್ಟಿದ್ದು ಮಳವಳ್ಳಿ ಪಕ್ಕದ ಹಳ್ಳಿಗೆ. ನಮ್ಮವರದು ಮಳವಳ್ಳಿ ಪೇಟೆಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ. ಮಾವ ಕಬ್ಬು, ಭತ್ತ ನೋಡಿಕೊಳ್ಳುತ್ತಿದ್ದರು. ನಾನು ಪೇಟೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಮದುವೆಯಾಗಿ ಕೆಲವು ವರ್ಷ ಏನೂ ಆಗಿರಲಿಲ್ಲ. ಹಾಗಾಗಿ ತಿಂಗಳು ನಿಂತಾಗ ಅತ್ತೆಗೆ ಆದ ಸಂತೋಷ ನೋಡಬೇಕಿತ್ತು. ಕೊಟ್ಟಿಗೆಯ ಎಮ್ಮೆಗೂ ಸುದ್ದಿ ಹೇಳಿ ಬಂದರು. ನನ್ನ ಕೈಯಿಂದ ಕೊಡ ಕಿತ್ತುಕೊಂಡರು, ಪೊರಕೆ ಕಿತ್ತುಕೊಂಡರು. ಸ್ಕೂಲಿಗೆ ಹೋಗುವುದನ್ನೂ ಕಿತ್ತುಕೊಳ್ಳುತ್ತಿದ್ದರೇನೋ, ನಾನು ಗುರುಗುಟ್ಟಿದ್ದಕ್ಕೆ ಬಿಟ್ಟರು.

ನನಗೆ ವಾಂತಿ ವಿಪರೀತ. ಬೆಳಿಗ್ಗೆ ಎದ್ದು ಬ್ರಷ್ಷು ಬಾಯಿಗಿಟ್ಟರೆ ಸಾಕು, ಹೊಟ್ಟೆಯೊಳಗಿನದೆಲ್ಲ ಕಿತ್ತುಕೊಂಡು ಬರುತ್ತಿತ್ತು. ಪೇಸ್ಟಿನ ವಾಸನೆಗೇ ತಲೆ ತಿರುಗುತ್ತಿತ್ತು. ಬಚ್ಚಲಲ್ಲಿ ಗೋಡೆ ಹಿಡಿದು ನಿಂತಿದ್ದರೆ ಅತ್ತೆ ಬೆನ್ನು ನೀವುತ್ತಾ, "ಓಗ್ಲಿ ಬುಡು ಮಗ, ಬಾಯಿ ಮುಕ್ಕುಳ್ಸುದ್ರೆ ಸಾಕು. ಇನ್ನೊಬ್ರು ಯಾರ್ ಬಂದ್ ನಿನ್ ಬಾಯಿ ನೋಡ್ತಾರೆ?" ಅನ್ನುತ್ತಿದ್ದರು. ನಾನೂ ಉಪ್ಪುನೀರಲ್ಲಿ ಮುಕ್ಕಳಿಸಿ ಸುಮ್ಮನಾಗುತ್ತಿದ್ದೆ. ವಾಂತಿಯಾಗಿ ಬಾಯೆಲ್ಲ ಹುಳಿ ಹುಳಿ. ಅದಕ್ಕೆ ಮಾವ ಕಂಡುಕೊಂಡ ಔಷಧಿ ಬೆಲ್ಲ. ಆಲೆಮನೆಯಿಂದ ಬಿಸಿಬಿಸಿ ಬೆಲ್ಲವನ್ನು ಬಾಳೆಎಲೆಯಲ್ಲಿ ಸುತ್ತಿ ತರುತ್ತಿದ್ದರು. ಸೊಸೆಯ ಮುಖ ನೋಡಿ ಮಾತಾಡಲೂ ನಾಚುವ ಮನುಷ್ಯ, ಎಲೆಯನ್ನು ಕಿಟಕಿಯ ಮೇಲಿಟ್ಟು, "ಅಲ್ಲೈತೆ" ಅಂದು ಹೋಗಿಬಿಡುತ್ತಿದ್ದರು. ಅನ್ನ ಸೇರದ ಹೊಟ್ಟೆಗೆ ಆ ಬೆಲ್ಲ ಮಾತ್ರ ಸೇರುತ್ತಿತ್ತು. ದಿನವಿಡೀ ಒಂದು ಚೂರು ಕೆನ್ನೆಯೊಳಗೆ ಇಟ್ಟುಕೊಂಡೇ ಪಾಠ ಮಾಡುತ್ತಿದ್ದೆ.

ಮೊದಲು ವಸಡು ಊದಿಕೊಂಡಿತು. ಸೀಬೆಹಣ್ಣು ಕಚ್ಚಿದರೆ ಹಣ್ಣಿನ ಮೇಲೆ ರಕ್ತ. ಅತ್ತೆ ನೋಡಿ ನಕ್ಕರು. "ಬಸ್ರೀಲಿ ಇದೆಲ್ಲ ಇದ್ದದ್ದೇ ಕಣವ್ವ. ಒಂದೊಂದ್ ಕೂಸಿಗೆ ಒಂದೊಂದ್ ಹಲ್ಲು. ಕೊಡ್ದೆ ಯಾರ್ಗೂ ಮಕ್ಳಾಗಿಲ್ಲ" ಅಂದು ತಮ್ಮ ಬಾಯಿ ತೆರೆದು ತೋರಿಸಿದರು. ಒಳಗೆ ಹಲ್ಲಿಗಿಂತ ಸಂದೇ ಹೆಚ್ಚಿತ್ತು. ಅದನ್ನು ಅವರು ಹೆಮ್ಮೆಯಿಂದಲೇ ತೋರಿಸಿದ್ದು.

ಐದನೇ ತಿಂಗಳಲ್ಲಿ ಎಡಗಡೆಯ ಕೆಳದವಡೆ ಹಲ್ಲು ನೋಯತೊಡಗಿತು. ಎಂಥ ನೋವು ಅಂತೀರಿ! ಕಿವಿಯೊಳಗಿಂದ ಹೊರಟು ನೆತ್ತಿಯವರೆಗೆ ಸಿಡಿಯುತ್ತಿತ್ತು. ಲವಂಗ ಇಟ್ಟೆ, ಸೀಬೆಚಿಗುರು ಅಗಿದೆ, ಇಂಗು ತುಂಬಿದೆ. ನಮ್ಮವರು ನಗಿಸುವುದಕ್ಕೆ, "ಅಂಗ್ಡೀಲಿ ಒಳ್ಳೆ ಕಟಿಂಗ್ ಪ್ಲೇಯರ್ ಐತೆ, ತರ್ಲೇನಮ್ಮಿ?" ಅಂದರು. ನಾನು ನಗಲಿಲ್ಲ, ಚೊಂಬು ಎಸೆದೆ. ಮಾರನೆಯ ದಿನ ಅವರೇ ಮಳವಳ್ಳಿಯ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು.

ಡಾಕ್ಟರು ನಿಧಾನಸ್ಥರು. ಟಾರ್ಚು ಬಿಟ್ಟು ನೋಡಿ, "ಇದು ಉಳಿಯೋ ಹಲ್ಲಲ್ಲಮ್ಮ, ಬೇರಿನ ತನಕ ಹುಳುಕು ಹೋಗಿದೆ. ಕೀಳಬೇಕು" ಅಂದರು. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, "ಈಗಲಾ?" ಅಂದೆ. "ಐದು ತಿಂಗಳಲ್ವಾ? ಇದೇ ಸರಿಯಾದ ಹೊತ್ತು. ಮೊದಲನೇ ಮೂರು ತಿಂಗಳು ಆದಷ್ಟು ಮುಂದಕ್ಕೆ ಹಾಕ್ತೀವಿ, ಕೊನೇಲಿ ನಿಮಗೆ ಕುರ್ಚಿ ಮೇಲೆ ಮಲಗೋದೇ ಕಷ್ಟ. ಈಗ ಮರಗಟ್ಟಿಸೋ ಇಂಜೆಕ್ಷನ್ ಕೊಟ್ಟು ಕಿತ್ತರೆ ಮಗೂಗೆ ಏನೂ ಆಗಲ್ಲ. ಬಿಟ್ಟರೆ ಕೀವು ತುಂಬುತ್ತೆ, ಭಯ ಪಡಬೇಕಾದ್ದು ಅದಕ್ಕೆ. ಬೇಕಿದ್ರೆ ನಿಮ್ಮ ಹೆರಿಗೆ ಡಾಕ್ಟರನ್ನೂ ಒಂದು ಮಾತು ಕೇಳಿ" ಅಂದರು. ಕೇಳಿದೆವು. ಹೆರಿಗೆ ಡಾಕ್ಟರಮ್ಮನೂ, "ಕೀಳಿಸ್ಕೊಳ್ಳಿ, ತಡ ಮಾಡಬೇಡಿ" ಅಂದರು. ಅಂದರೆ ತಿಳಿದವರಿಬ್ಬರೂ ಬಾಯಿಬಿಟ್ಟು ಹೇಳಿದ್ದರು. ನಮ್ಮ ಕಿವಿಗೂ ಬಿದ್ದಿತ್ತು.

ನಮ್ಮವರು, "ಆಯ್ತು ಸಾರ್. ಅವ್ವುನ್ನ ಒಂದ್ ಮಾತ್ ಕೇಳ್ಬುಟ್ಟು ನಾಳೆ ಬತ್ತೀವಿ" ಅಂದರು.

ಅತ್ತೆ ಬೇಡ ಅನ್ನಲಿಲ್ಲ. ಅದನ್ನು ಮರೆಯಬಾರದು. ಬಾಯಲ್ಲಿ ಸೆರಗಿಟ್ಟುಕೊಂಡು ಬಹಳ ಹೊತ್ತು ಯೋಚಿಸಿ, "ಬಸುರಿ ಮೈಯಿಂದ ರಕ್ತ ಬೀಳ್ಬಾರ್ದು ಅಂತಾರೆ. ಆದ್ರೂ ಡಾಕ್ಟ್ರು ಏಳವ್ರೆ. ಬೀಗ್ರುನ್ನ ಕೇಳ್ದೆ ಎಂಗ್ ಮಾಡಾದು?" ಅಂದರು. ಮಂಡ್ಯಕ್ಕೆ ಫೋನು ಹೋಯಿತು. ನಾನು ಕೆನ್ನೆ ಹಿಡಿದುಕೊಂಡು ಪಕ್ಕದಲ್ಲೇ ಕೂತಿದ್ದೆ.

"ಅಕ್ಕಾ, ನಿಮ್ ಮಗಳ್ಗೆ ಹಲ್ ಕೀಳುಸ್ಬೇಕಂತೆ. ನಮ್ಮಷ್ಟಕ್ ನಾವೇ ಕೀಳ್ಸಿ ನಾಳೀಕ್ ಎಚ್ಚುಕಮ್ಮಿ ಆದ್ರೆ ಎತ್ತೋರ್ಗೆ ಏನ್ ಮೊಕ ತೋರ್ಸಾದು? ನೀವ್ ಏಳ್ದಂಗೆ."

ಆ ಕಡೆಯಿಂದ ನಮ್ಮವ್ವ: "ಅಯ್ಯೋ, ನಾವ್ ಏನಂತ ಏಳಾದಕ್ಕ? ಕೊಟ್ಟ ಎಣ್ಣು ಕುಲಕ್ ಒರ್ಗು. ಒಟ್ಟೇಲಿರಾದು ನಿಮ್ ವಂಸ. ನೀವ್ ಎಂಗಂದ್ರೆ ಅಂಗೆ."

"ಚೆ ಚೆ, ನಿಮ್ ಮಾತ್ ಮೀರಿ ನಾವ್ ಮಾಡ್ತೀವಾ?"

"ನಿಮ್ ಮಾತೇ ನಮ್ ಮಾತು ಕಣಕ್ಕ."

ಇಬ್ಬರೂ ಒಬ್ಬರಿಗಿಂತ ಒಬ್ಬರು ದೊಡ್ಡವರಾಗಿ ಫೋನಿಟ್ಟರು. ಹಲ್ಲು ತವರುಮನೆಯದಂತೆ, ಹೊಟ್ಟೆ ಗಂಡನ ಮನೆಯದಂತೆ. ನೋವು ಯಾರದು ಅಂತ ಮಾತ್ರ ಆ ಫೋನಿನಲ್ಲಿ ಬರಲಿಲ್ಲ. ಕೊನೆಗೆ ಇಬ್ಬರಿಗೂ ಹಿತವಾಗುವ ದಾರಿ ಸಿಕ್ಕಿತು. ಹೇಗೂ ಏಳರಲ್ಲಿ ಹೂ ಮುಡಿಸಿ ಬಾಣಂತನಕ್ಕೆ ಮಂಡ್ಯಕ್ಕೆ ಕರೆದುಕೊಂಡು ಹೋಗುತ್ತಾರಲ್ಲ, ಅಲ್ಲಿ ದೊಡ್ಡ ಡಾಕ್ಟರಿದ್ದಾರೆ, ಅಲ್ಲೇ ಕೀಳಿಸಿದರಾಯಿತು ಅಂತ.

ಓದಿದವಳು ನೀನು, ನೀನೇ ಹೋಗಿ ಕೀಳಿಸಿಕೊಳ್ಳಬಹುದಿತ್ತಲ್ಲ ಅಂತ ಆಮೇಲೆ ಸ್ಟಾಫ್ ರೂಮಿನಲ್ಲಿ ಒಬ್ಬರು ಕೇಳಿದರು. ಹೋಗಿದ್ದೆ ಸ್ವಾಮಿ. ಸ್ಕೂಲಿನಿಂದ ನೇರವಾಗಿ ಹೋಗಿ, "ಕಿತ್ತುಬಿಡಿ" ಅಂದೆ. ಡಾಕ್ಟರು ಬಾಗಿಲ ಕಡೆ ನೋಡಿ, "ಜೊತೆಗೆ ಯಾರೂ ಬಂದಿಲ್ವಾ? ಐದು ತಿಂಗಳ ಬಸುರಿ, ಒಬ್ಬರನ್ನೇ ಹೇಗಮ್ಮ ಕಳಿಸಲಿ? ಮನೆಯವರನ್ನ ಕರ್ಕೊಂಡು ಬನ್ನಿ, ಆವತ್ತೇ ಕೀಳ್ತೀನಿ" ಅಂದು ಮಾತ್ರೆ ಬರೆದುಕೊಟ್ಟರು. ಮನೆಗೆ ಬಂದು ನಮ್ಮವರ ಮುಂದೆ ಕಣ್ಣೀರು ಹಾಕಿದೆ, ಕಿರುಚಿದೆ, ಊಟ ಬಿಟ್ಟೆ. ಅವರ ಕಣ್ಣಲ್ಲೂ ನೀರು. "ಅವ್ವುಂಗ್ ಗೊತ್ತಿಲ್ದಂಗೆ ಎಂಗಮ್ಮಿ? ಏನಾದ್ರೂ ಆದ್ರೆ ಜೀವಮಾನೆಲ್ಲ ಮಾತು. ಇನ್ ಸ್ವಲ್ಪ ದಿನ ತಡ್ಕೊ" ಅಂದರು. ಅವರೂ ಹೆದರಿದ್ದರು. ಮಾತ್ರೆ ತಿಂದರೆ ಒಂದಷ್ಟು ದಿನ ಕಮ್ಮಿ, ಮತ್ತೆ ಜಾಸ್ತಿ. ಹಾಗೇ ದಿನ ತಳ್ಳಿದೆ.

ಹೂ ಮುಡಿಸುವ ಶಾಸ್ತ್ರ ಜೋರಾಗಿಯೇ ಆಯಿತು. ಮೊಗ್ಗಿನ ಜಡೆ, ಮೊಣಕೈವರೆಗೆ ಹಸಿರು ಬಳೆ, ಮಡಿಲು ತುಂಬಾ ಅಕ್ಕಿ, ಕೊಬ್ಬರಿ. ನಮ್ಮ ಓಣಿಯ ಹೆಂಗಸರು, "ಏನಮ್ಮಿ, ಒಂದೇ ಕೆನ್ನೆ ದಪ್ಪ ಆಗದಲ್ಲ, ಮಾವ ಬೆಲ್ಲ ಒಂದೇ ಕಡೀಕ್ ಇಟ್ರಾ?" ಅಂತ ರೇಗಿಸಿದರು. ಬಗೆಬಗೆಯ ಅನ್ನ ಒಬ್ಬೊಬ್ಬರೇ ಬಾಯಿಗಿಟ್ಟರು. ನಾನು ಬಲಗಡೆಯಲ್ಲೇ ಅಗಿದು ನುಂಗಿದೆ. ಫೋಟೋದವನು, "ನಗಿ ಮೇಡಂ, ನಗಿ" ಅಂತ ಪೀಡಿಸಿದ. ಆ ಫೋಟೋಗಳು ಬಂದಾಗ ಮನೆಯಲ್ಲಿ ಯಾರೂ ಬಿಚ್ಚಿ ನೋಡಲಿಲ್ಲ.

ಮಂಡ್ಯಕ್ಕೆ ಕಾರಿನಲ್ಲಿ ಹೊರಟೆವು, ನಾನು, ಅವ್ವ, ಅಪ್ಪ. ಮದ್ದೂರಿನಲ್ಲಿ ಅಪ್ಪ ಇಳಿದು ವಡೆ ಕಟ್ಟಿಸಿಕೊಂಡು ಬಂದರು. ನನಗೆ ಬಲು ಇಷ್ಟ ಅಂತ ಅವರಿಗೆ ಗೊತ್ತು. ಒಂದು ತುಣುಕು ಕಚ್ಚಿದೆ, ಜೀವ ಹೋಗಿ ಬಂತು. ಅವ್ವ ಅದನ್ನು ಅಂಗೈಯಲ್ಲಿ ಪುಡಿ ಮಾಡಿ ಬಾಯಿಗೆ ಹಾಕಿದಳು. "ಅವ್ವ, ನಾಳೇನೇ ಕೀಳುಸ್ಬುಡವ್ವ, ನಿನ್ ದಮ್ಮಯ್ಯ" ಅಂದೆ. "ನಾಳೆ ಮಂಗ್ಳಾರ. ನಾಡಿದ್ ಓಗವ, ಬುಡು" ಅಂದಳು. ನನಗೆ ಎಷ್ಟೋ ನಿರಾಳವಾಯಿತು. ತವರಿನ ದಾರಿಯಲ್ಲಿ ನಿದ್ದೆ ಮಾಡಿಕೊಂಡು ಬಂದೆ.

ನಾಡಿದ್ದು ಅವ್ವ ಸೀರೆ ಉಟ್ಟು ತಯಾರಾದಳು. ಹೊರಡುವ ಮುಂಚೆ, ಒಂದು ಮಾತು ಹೇಳಿಬಿಡೋಣ ಅಂತ ಮಳವಳ್ಳಿಗೆ ಫೋನು ಮಾಡಿದಳು. ಮಾಡದೆ ಇದ್ದಿದ್ದರೆ! ಆ ಕಡೆ ಅತ್ತೆಗೆ ಕಳವಳ. "ಅಯ್ಯೋ ಅಕ್ಕ, ನಾನಿಲ್ದೆ ಬ್ಯಾಡಿ. ನನ್ ಜೀವ ತಡಿಯಾಕಿಲ್ಲ. ಕಬ್ ಕಡಿಯೋ ಆಳು ಬಂದವ್ರೆ, ಬುಟ್ ಬರಂಗಿಲ್ಲ. ಇದೊಂದ್ ಮುಗೀಲಿ, ಓಡ್ ಬತ್ತೀನಿ. ಜೊತೇಲಿ ನಿಂತ್ಕೊಂಡ್ ಕೀಳ್ಸವ." ನಮ್ಮವ್ವ ಏನಂದಾಳು? ಬೀಗಿತ್ತಿ ಬರುತ್ತೇನೆ ಅಂದ ಮೇಲೆ ಕಾಯದೆ ಇದ್ದರೆ ಅವಮರ್ಯಾದೆ. ಸೀರೆ ಬಿಚ್ಚಿ ಮಡಿಸಿಟ್ಟಳು. "ನಿಮ್ಮಿಬ್ರುಗೂ ಉಚ್ಚು ಇಡ್ದದೆ" ಅಂತ ನಾನು ಕೂಗಾಡಿದೆ. ಅಪ್ಪ ಬಂದು, "ಅತ್ತೆ ಮನೆಯೋರ್ನ ಅಂಗನ್ಬಾರ್ದು ಮಗ" ಅಂದರು.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ನಮ್ಮಲ್ಲಿ ಜಗಳವೇ ಆಗಲಿಲ್ಲ. ಒಂದು ಕೆಟ್ಟ ಮಾತಾದರೂ ಹುಟ್ಟಿದ್ದರೆ ಯಾರೋ ಒಬ್ಬರು ಸಿಟ್ಟಿಗೆ ಬಿದ್ದು ನನ್ನನ್ನು ಎಳೆದುಕೊಂಡು ಹೋಗುತ್ತಿದ್ದರು.

ಅಷ್ಟರಲ್ಲಿ ಒಂದು ಬೆಳಿಗ್ಗೆ ಎದ್ದರೆ ನೋವಿಲ್ಲ. ನಾಲಿಗೆಯಿಂದ ತಳ್ಳಿದೆ, ಬೆರಳಿಂದ ಕುಟ್ಟಿದೆ, ಇಲ್ಲ. ಅವ್ವ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಮಳವಳ್ಳಿಗೆ ಫೋನು ಮಾಡಿ, "ವಾಸಿ ಆಗೋಯ್ತು ಕಣಕ್ಕ, ಕಬ್ಬಿನ್ ಕೆಲ್ಸ ಮುಗುಸ್ಕಂಡ್ ನಿದಾನುಕ್ ಬನ್ನಿ" ಅಂದಳು. ಆ ಕೆಲವು ದಿನ ನಾನು ಚೆನ್ನಾಗಿ ಉಂಡೆ. ಮಗು ಒದೆಯುವುದನ್ನು ಅಪ್ಪನಿಗೆ ಹೇಳಿ ಅವರನ್ನು ನಾಚಿಸಿದೆ. ಸ್ವೆಟರ್ ಬಣ್ಣ ಯಾವುದು ಅಂತ ಅವ್ವನ ಜೊತೆ ಜಗಳವಾಡಿದೆ. ನೋವು ನಿಂತದ್ದು ಹಲ್ಲು ವಾಸಿಯಾಗಿ ಅಲ್ಲ, ಒಳಗಿನ ನರ ಸತ್ತು ಅಂತ ಆಮೇಲೆ ಆಸ್ಪತ್ರೆಯಲ್ಲಿ ಹೇಳಿದರು. ಕೀವು ಬೇರಿನಿಂದ ಇಳಿದು ಸದ್ದಿಲ್ಲದೆ ದವಡೆಯ ಕೆಳಗೆ ತುಂಬುತ್ತಿತ್ತಂತೆ.

ಊತ ಕಾಣಿಸಿಕೊಂಡಿದ್ದು ಒಂದು ಮಧ್ಯಾಹ್ನ. ಸಂಜೆಯ ಹೊತ್ತಿಗೆ ಗಲ್ಲದ ಕೆಳಗೆ ಗಟ್ಟಿಯಾಗಿ ಕಾಯಿ ಕಟ್ಟಿದ ಹಾಗಿತ್ತು. ಜ್ವರ, ನಡುಕ. ಎಂಜಲು ನುಂಗಲು ಆಗುತ್ತಿಲ್ಲ. ಬಾಯಿ ತೆರೆಯೋಣ ಅಂದರೆ ಒಂದು ಬೆರಳೂ ತೂರುವುದಿಲ್ಲ. ಈ ಸಲ ಅವ್ವ ಯಾರಿಗೂ ಫೋನು ಮಾಡಲಿಲ್ಲ. ಅಪ್ಪ ಆಟೋ ತಂದರು, ಆಸ್ಪತ್ರೆಗೆ ಹೋದೆವು.

ಆಸ್ಪತ್ರೆಯವರು ಕೈಲಾದದ್ದೆಲ್ಲ ಮಾಡಿದರು. ಅವರ ಮೇಲೆ ನನಗೆ ಒಂದು ಸಾಸಿವೆಯಷ್ಟೂ ದೂರಿಲ್ಲ. ಉಸಿರಿನ ದಾರಿಗೆ ಊತ ಬರಬಾರದು ಅಂತ ಗಲ್ಲದ ಕೆಳಗೆ ಕುಯ್ದು ಕೀವು ತೆಗೆದರು. ಬಾಯಿ ತೆರೆಯದ್ದರಿಂದ ಹಲ್ಲನ್ನು ಆಮೇಲೆ ನೋಡೋಣ ಅಂದರು. ಡ್ರಿಪ್ಪು ಹಾಕಿದರು, ಸೂಜಿ ಚುಚ್ಚಿದರು. ಆದರೆ ಜ್ವರ ಇಳಿಯುವ ಮುಂಚೆಯೇ ಸೊಂಟ ಹಿಡಿದುಕೊಂಡಿತು. ನನಗೆ ಗೊತ್ತಾಯಿತು. ಬಾಯಿ ಬಿಟ್ಟು ಕಿರುಚಲೂ ಆಗಲಿಲ್ಲ. ಹಲ್ಲು ಕಚ್ಚಿಕೊಂಡೇ ಹೆತ್ತೆ.

ಹೆಣ್ಣು ಮಗು. ಎರಡು ಅಂಗೈ ತುಂಬುವಷ್ಟು. ಕೂದಲು ಮಾತ್ರ ದಟ್ಟವಾಗಿತ್ತು. ಅತ್ತ ಸದ್ದು ನನಗೆ ಕೇಳಲಿಲ್ಲ, ನರ್ಸಮ್ಮ ಕೇಳಿದೆ ಅಂದರು. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಮಾರನೆಯ ಬೆಳಿಗ್ಗೆಯವರೆಗೆ ಇತ್ತು. ನನ್ನನ್ನು ತಳ್ಳುಗಾಡಿಯಲ್ಲಿ ಕೂರಿಸಿ ತೋರಿಸಿದಾಗ ಅದರ ಕೈ ನನ್ನ ಬೆರಳನ್ನು ಹಿಡಿಯಿತು ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ನಿಜವಾಗಿ ಹಿಡಿಯಿತೋ, ನಾನೇ ಬೆರಳಿಟ್ಟೆನೋ, ಈಗ ಹೇಳಲಾರೆ.

ಮಣ್ಣು ಮಾಡುವ ಮಾತು ಬಂದಾಗ ಯಾರೂ ಯಾರನ್ನೂ ಕೇಳಲಿಲ್ಲ. ಅದು ಅವರ ಮನೆಯ ಕೂಸು. ಸುದ್ದಿ ತಿಳಿದು ಓಡಿಬಂದಿದ್ದ ನಮ್ಮವರು ಅದನ್ನು ಎದೆಗವುಚಿಕೊಂಡು ಮಾವನ ಜೊತೆ ಕಾರು ಹತ್ತಿ ಮಳವಳ್ಳಿಯ ಕಡೆ ಹೋದರು. ಗದ್ದೆಯ ಯಾವ ಬದುವಿನಲ್ಲಿ ಅಂತ ತಾಯಿಗೆ ಹೇಳಬಾರದಂತೆ. ಕೇಳಿದರೆ ನಮ್ಮವರು ಮುಖ ತಿರುಗಿಸುತ್ತಾರೆ. ಇವತ್ತಿಗೂ ಆ ಗದ್ದೆಯ ಬದುಗಳ ಮೇಲೆ ನಾನು ಹಗುರವಾಗಿ ಕಾಲಿಡುತ್ತೇನೆ.

ಗುತ್ತಲಿಗೆ ವಾಪಸು ಬಂದ ಮೇಲೆ ಎದೆಯಲ್ಲಿ ಹಾಲು ಬಂತು. ಹಾಲಿಗೇನು ಗೊತ್ತು? ರವಿಕೆ ನೆಂದು ಹೋಗುತ್ತಿತ್ತು. ಅವ್ವ ಮಲ್ಲಿಗೆ ಮೊಗ್ಗು ತಂದು ಎದೆಗೆ ಕಟ್ಟಿದಳು, ಹಾಲು ಬತ್ತಲಿ ಅಂತ. ಬಾಣಂತಿಯ ಖಾರ, ಬಾಣಂತಿಯ ಬಿಸಿನೀರು, ಎಲ್ಲ ಆಯಿತು. ತಲೆಗೆ ಬಟ್ಟೆ ಕಟ್ಟಿ, ಕಿವಿಗೆ ಹತ್ತಿ ಇಟ್ಟು ಕೂರಿಸಿದಳು. ಪಕ್ಕದಲ್ಲಿ ಮಲಗಿಸಲು ಏನೂ ಇರಲಿಲ್ಲ. ಅವ್ವ ಅನ್ನ ಕಲೆಸಿ ತಂದರೆ ತಟ್ಟೆ ತಳ್ಳುತ್ತಿದ್ದೆ. ಅವಳು ಬಿದ್ದ ಅಗುಳು ಆಯ್ದುಕೊಂಡು ಹೋಗಿ, ಮತ್ತೆ ಕಲೆಸಿ ತರುತ್ತಿದ್ದಳು.

ಅತ್ತೆ ಬಂದರು. ಬಾಗಿಲಲ್ಲೇ ಕುಸಿದು ಕೂತರು. ಇಬ್ಬರು ಬೀಗಿತ್ತಿಯರೂ ಒಬ್ಬರನ್ನೊಬ್ಬರು ಬೈಯುತ್ತಾರೆ ಅಂತ ಕಾದೆ. ಬೈಯಲಿ ಅಂತ ಆಸೆಪಟ್ಟೆ. ಅತ್ತೆ, "ನಂದೇ ತಪ್ಪಕ್ಕ, ನಾನ್ ಕಾಯ್ಸಬಾರ್ದಿತ್ತು" ಅಂದರು. ಅವ್ವ, "ನಿಮ್ದಲ್ಲಕ್ಕ, ನಾನ್ ಕಾಯಬಾರ್ದಿತ್ತು" ಅಂದಳು. ತಪ್ಪನ್ನೂ ಒಬ್ಬರಿಗೊಬ್ಬರು ಬಿಟ್ಟುಕೊಡದೆ ಮರ್ಯಾದೆಯಿಂದ ಹಂಚಿಕೊಂಡರು. ನನಗೆ ಮೈ ಉರಿದು ಹೋಯಿತು. ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಹೊರಗೆ ಇಬ್ಬರೂ ಒಂದೇ ಚಾಪೆಯ ಮೇಲೆ ಕೂತು ಅಳುವುದು ಕೇಳುತ್ತಿತ್ತು.

ಬಾಯಿ ಸ್ವಲ್ಪ ಸ್ವಲ್ಪ ತೆರೆಯುವಂತಾದ ಮೇಲೆ, ಹಲ್ಲು ಇನ್ನು ಇಟ್ಟುಕೊಳ್ಳಬಾರದು ಅಂತ ಆಸ್ಪತ್ರೆಯಲ್ಲಿ ಹೇಳಿದ್ದರಲ್ಲ, ಮನೆಯ ಹತ್ತಿರದ ಒಂದು ಕ್ಲಿನಿಕ್ಕಿಗೆ ಹೋದೆವು. ಅತ್ತೆ ಊರಿಗೆ ಹೋಗದೆ ಅದಕ್ಕೆಂದೇ ಉಳಿದುಕೊಂಡಿದ್ದರು. ಅವ್ವನೂ ಬಂದಳು. ಊರೆಲ್ಲ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ, ಈಗ ಒಂದು ಹಲ್ಲಿಗೆ ಇಬ್ಬಿಬ್ಬರು ಕಾವಲು. ನನ್ನನ್ನು ಕುರ್ಚಿಯಲ್ಲಿ ಮಲಗಿಸಿದರು. ಅವರಿಬ್ಬರೂ ಗೋಡೆಯ ಪಕ್ಕದ ಬೆಂಚಿನಲ್ಲಿ ಕೂತರು.

ಡಾಕ್ಟರು ಚಿಕ್ಕ ವಯಸ್ಸಿನ ಹುಡುಗ, ನಗುಮುಖದವನು. ಗಲ್ಲದ ಕೆಳಗಿನ ಗಾಯದ ಗುರುತು ನೋಡಿ, "ಕೀವು ತೆಗೆಸಿದ್ರಾ?" ಅಂದ. ತಲೆಯಾಡಿಸಿದೆ. ಹಲ್ಲು ಕೀಳುವ ಮುಂಚೆ ಎಲ್ಲರಿಗೂ ಕೇಳುವ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿದ. ಶುಗರ್ ಇದೆಯಾ, ಬಿಪಿ ಇದೆಯಾ, ಯಾವುದಾದರೂ ಮಾತ್ರೆ ಒಗ್ಗಲ್ವಾ. ಇಲ್ಲ, ಇಲ್ಲ, ಇಲ್ಲ ಅಂದೆ.

"ಬಸುರಿ ಏನಾದ್ರೂ ಇದೀರಾ?"

ಅವ್ವ ಅತ್ತೆಯ ಮುಖ ನೋಡಿದಳು. ಅತ್ತೆ ಅವ್ವನ ಮುಖ ನೋಡಿದರು. ಅಲ್ಲೂ ಯಾರು ಮೊದಲು ಮಾತಾಡಬೇಕು ಅಂತ ಇಬ್ಬರಿಗೂ ಗೊತ್ತಾಗಲಿಲ್ಲ. ನಾನೇ, "ಇಲ್ಲ" ಅಂದೆ.

"ಹಾಗಾದ್ರೆ ಏನೂ ಯೋಚನೆ ಇಲ್ಲ, ಈಗ್ಲೇ ಕಿತ್ತುಬಿಡೋಣ" ಅಂದು ಆತ ಸೂಜಿ ತೆಗೆದುಕೊಂಡ. ಬೆಂಚಿನ ಕಡೆಯಿಂದ ಅತ್ತೆ ಬಿಕ್ಕುವುದು ಕೇಳಿಸಿತು. ಅವರ ಹಿಂದೆಯೇ ಅವ್ವ. ಬಾಯಿ ತೆರೆದುಕೊಂಡು ಮಲಗಿದ್ದ ನಾನು ಏನೂ ಹೇಳುವ ಹಾಗಿರಲಿಲ್ಲ. ಹುಡುಗನಿಗೆ ಗಾಬರಿಯಾಯಿತು. ಕೈ ನಿಲ್ಲಿಸಿ, ಅವರ ಕಡೆ ತಿರುಗಿ, ತುಂಬಾ ಮೃದುವಾಗಿ ಹೇಳಿದ: "ಅಳಬೇಡಿ ಅಜ್ಜಿ, ಅವರಿಗೆ ನೋವೇ ಗೊತ್ತಾಗಲ್ಲ."